ರಂಗಮಂದಿರ ನಿಧಾನವಾಗಲಿ ಶಾಸಕರೇ, ಮೊದಲು ಟೀಚರ್ ಕಳಿಸಿ

ಮಾನ್ಯ ಶಾಸಕರೇ,

ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದಿರಿ. ನಿಮಗೆ ನೆನಪಿದೆಯೋ ಇಲ್ಲವೋ. ಆ ತಿಂಗಳು ದಿನಕ್ಕೆ ಮೂರು ವಾರ್ಷಿಕೋತ್ಸವ, ನಡುವೆ ಎರಡು ಮದುವೆ ಇರುತ್ತದೆ ನಿಮಗೆ. ರಾತ್ರಿ ಒಂಬತ್ತೂವರೆಗೆ ಬಂದಿರಿ, ಹತ್ತು ನಿಮಿಷ ಮಾತಾಡಿದಿರಿ, ಶಾಲು ಹೊದೆಸಿಕೊಂಡು ಹೊರಟಿರಿ. ಹೊರಡುವ ಮುಂಚೆ ಮೈಕಿನಲ್ಲಿ, "ಈ ಶಾಲೆಗೆ ನನ್ನ ನಿಧಿಯಿಂದ ಒಂದು ರಂಗಮಂದಿರ ಕಟ್ಟಿಸಿಕೊಡುತ್ತೇನೆ" ಅಂದಿರಿ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಾಲ್ಕು ಜನ ತಟ್ಟುವಾಗ ನಮ್ಮ ಕೈ ಸುಮ್ನೆ ಇರುತ್ತದಾ?

ಮನೆಗೆ ಬಂದು ಮಲಗಿದ ಮೇಲೆ ಯೋಚನೆ ಶುರುವಾಯಿತು. ನಮಗೆ ಸ್ಟೇಜು ಬೇಕಾಗುವುದು ವರ್ಷಕ್ಕೆ ಒಂದು ರಾತ್ರಿ. ಅದನ್ನು ಹಳೆ ವಿದ್ಯಾರ್ಥಿ ಸಂಘದ ಹುಡುಗರು ಡ್ರಮ್ಮು, ಹಲಗೆ ಇಟ್ಟು ಅರ್ಧ ದಿನದಲ್ಲಿ ಕಟ್ಟುತ್ತಾರೆ. ಮಕ್ಕಳ ಯಕ್ಷಗಾನಕ್ಕೂ ಅದೇ ಸ್ಟೇಜು, ಊರವರ ನಾಟಕಕ್ಕೂ ಅದೇ. ಇದುವರೆಗೆ ಒಬ್ಬ ಮಹಿಷಾಸುರನೂ ಅದರಿಂದ ಕೆಳಗೆ ಬಿದ್ದಿಲ್ಲ. ನಮಗೆ ದಿನಾ ಬೇಕಾಗಿರುವುದು ಟೀಚರ್.

ನಾನು ಯಾರು ಅಂತ ಹೇಳಲಿಲ್ಲ. ದಕ್ಷಿಣ ಕನ್ನಡದ ಒಳಭಾಗದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು. ನಾನು ಕಲಿತದ್ದು ಇದೇ ಶಾಲೆಯಲ್ಲಿ, ನನ್ನ ಅಪ್ಪ ಕಲಿತದ್ದೂ ಇಲ್ಲೇ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ "ಪೋಷಕರ ಹತ್ತಿರ ಹೀಗೆ ಯಾಕೆ ಬರೆಸಿದಿರಿ" ಅಂತ ಟೀಚರಿಗೇ ನೋಟಿಸ್ ಬಂದರೆ ಕಷ್ಟ. ನೀವು ಯಾವ ಯಾವ ಶಾಲೆಗೆ ರಂಗಮಂದಿರ ಹೇಳಿದ್ದೀರಿ ಅಂತ ನಿಮ್ಮ ಪಿಎ ಹತ್ತಿರ ಪಟ್ಟಿ ಇರಬಹುದು. ಅದರಲ್ಲಿ ಹುಡುಕಿ.

ನಮ್ಮಲ್ಲಿ ಒಂದರಿಂದ ಏಳನೇ ತರಗತಿವರೆಗೆ 74 ಮಕ್ಕಳು. ಮಂಜೂರಾದ ಹುದ್ದೆ 5. ಇರುವವರು 2. ಆ ಇಬ್ಬರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕಿ. ಅಂದರೆ ಅರ್ಧ ಟೀಚರ್, ಅರ್ಧ ಕ್ಲರ್ಕ್. ಮೂರನೆಯವರು ನಾವೇ ಸಂಬಳ ಕೊಟ್ಟು ಇಟ್ಟುಕೊಂಡಿರುವ ಗೌರವ ಶಿಕ್ಷಕಿ, ಇದೇ ಊರಿನ ಹುಡುಗಿ. ಸರ್ಕಾರ ತಾತ್ಕಾಲಿಕವಾಗಿ ಕಳಿಸುವ ಅತಿಥಿ ಶಿಕ್ಷಕಿ ಒಬ್ಬರು ಬರುತ್ತಾರೆ, ಆದರೆ ಶಾಲೆ ಶುರುವಾಗಿ ಒಂದೂವರೆ ತಿಂಗಳಾದ ಮೇಲೆ. ಮಾರ್ಚ್ ಮುಗಿದ ಕೂಡಲೇ ಹೋಗುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಯಾವುದೇ ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆ ಶೇಕಡಾ 10ಕ್ಕಿಂತ ಜಾಸ್ತಿ ಇರಬಾರದು ಅಂತ ಅದರ 26ನೇ ಕಲಮಿನಲ್ಲಿ ಉಂಟು. ನಮ್ಮಲ್ಲಿ ಐದರಲ್ಲಿ ಮೂರು ಖಾಲಿ. ಲೆಕ್ಕ ಮಾಡಿದರೆ ಶೇಕಡಾ 60. ಅದೇ ಕಾಯ್ದೆ ಎಸ್‌ಡಿಎಂಸಿಯವರು ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು ಅಂತಲೂ ಹೇಳುತ್ತದೆ. ನಾವು ಕೂತು ಬರೆದಿದ್ದೇವೆ ಮಾರಾಯ್ರೆ. ಚಾ ಕುಡಿದು ಎದ್ದು ಹೋದದ್ದಲ್ಲ, ಎರಡು ಆದಿತ್ಯವಾರ ಕೂತಿದ್ದೇವೆ. ಒಂದು ವರ್ಷದಲ್ಲಿ ನಮ್ಮ ಶಾಲೆಯಲ್ಲಿ ಏನೆಲ್ಲಾ ಆಗುತ್ತದೆ ಅಂತ ಓದಿ ನೋಡಿ. ಊರು ತನ್ನ ಪಾಲಿನ ಕೆಲಸ ಮಾಡಿದೆಯೋ ಇಲ್ಲವೋ ಅಂತ ನೀವೇ ಹೇಳಿ.

ಮೇ ಕೊನೆಗೆ ಪ್ರಾರಂಭೋತ್ಸವ. ಅದಕ್ಕೆ ವಾರ ಮೊದಲೇ ನಾವು ಮನೆ ಮನೆಗೆ ಹೋಗುತ್ತೇವೆ, ಒಂದನೇ ಕ್ಲಾಸಿಗೆ ಮಕ್ಕಳನ್ನು ಕೇಳಿಕೊಂಡು. ಬೆಳಿಗ್ಗೆ ಏಳೂವರೆಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ನಮ್ಮ ಗೇಟಿನ ಎದುರೇ ಹಾದು ಹೋಗುತ್ತದೆ. ಅದಕ್ಕೆ ಪೈಪೋಟಿ ಕೊಡಲು ಹಳೆ ವಿದ್ಯಾರ್ಥಿಗಳು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಓಮ್ನಿ ತೆಗೆದುಕೊಟ್ಟಿದ್ದಾರೆ. ಡೀಸೆಲ್ ಅಲ್ಲ, ಪೆಟ್ರೋಲು. ಆ ಖರ್ಚು ತಿಂಗಳಿಗೊಬ್ಬರಂತೆ ಹಂಚಿಕೊಂಡಿದ್ದೇವೆ. ಮನೆ ಮನೆಗೆ ಹೋದಾಗ ಎಲ್ಲರೂ ಕೇಳುವುದು ಒಂದೇ: "ಟೀಚರ್ ಎಷ್ಟು ಮಂದಿ ಇದ್ದಾರೆ?" ರಂಗಮಂದಿರ ಉಂಟಾ ಅಂತ ಇದುವರೆಗೆ ಒಬ್ಬ ತಾಯಿಯೂ ಕೇಳಿಲ್ಲ.

ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ವರ್ಷದ್ದನ್ನು ನೆನಪು ಮಾಡಿಸುವ ಪಾಠ. ಐದಕ್ಕೆ ಪರಿಸರ ದಿನ, ಗಿಡ ನೆಡುವುದು. ಉಳಿದ ಕಡೆ ನೆಟ್ಟ ಗಿಡದ ಗತಿ ಏನೋ ಗೊತ್ತಿಲ್ಲ, ನಮ್ಮಲ್ಲಿ ಅಡಿಕೆ ಗಿಡ ನೆಟ್ಟು ತೋಟವೇ ಆಗಿದೆ. ಗಿಡ ಕೊಟ್ಟದ್ದು ಊರವರು, ಗುಂಡಿ ತೋಡಿದ್ದು ಶ್ರಮದಾನದಲ್ಲಿ. ಗೌರವ ಶಿಕ್ಷಕಿಯ ಸಂಬಳದ ಒಂದು ಪಾಲು ಬರುವುದು ಅದೇ ಅಡಿಕೆಯಿಂದ. ಕಳೆದ ಮಳೆಗಾಲದಲ್ಲಿ ಕೊಳೆರೋಗ ಬಂದಾಗ ಅವಳ ಸಂಬಳವೂ ಎರಡು ತಿಂಗಳು ತಡವಾಯಿತು. ತೋಟಕ್ಕೆ ಬಂದ ರೋಗ ಎರಡನೇ ಕ್ಲಾಸಿನ ಗಣಿತಕ್ಕೂ ತಟ್ಟಿತು ಅಂತ ಇಟ್ಟುಕೊಳ್ಳಿ.

ಅದೇ ತಿಂಗಳು ಶಾಲಾ ಸಂಸತ್ತಿನ ಚುನಾವಣೆ. ನೀವು ನೋಡಬೇಕಿತ್ತು. ಮೊಬೈಲಿನಲ್ಲಿ ವೋಟಿಂಗ್ ಆ್ಯಪ್, ಬೆರಳಿಗೆ ಶಾಯಿ ಬದಲು ಸ್ಕೆಚ್ ಪೆನ್. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಮುಖ್ಯಮಂತ್ರಿ ಸ್ಥಾನಕ್ಕೆ ನಿಂತಿದ್ದಳು. ಅವಳ ಎದುರಾಳಿ ಕ್ರಿಕೆಟ್ ಬ್ಯಾಟು ತರಿಸುತ್ತೇನೆ ಅಂದ. ಇವಳು "ನಾನು ಗೆದ್ದರೆ ಇನ್ನೊಬ್ಬರು ಟೀಚರನ್ನು ತರಿಸುತ್ತೇನೆ" ಅಂದಳು. ಬ್ಯಾಟಿನವನು ಸೋತ. ನಾವು ದೊಡ್ಡವರೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ನಗು ಬರುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಜುಲೈಯಲ್ಲಿ ಮಳೆ ರಜೆ. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ಇಟ್ಟು ಅದನ್ನು ತುಂಬಿಸಬೇಕು. ನಡುವೆ ತುಳುವರ ಆಟಿ ತಿಂಗಳ ಒಂದು ದಿನ ಅಮ್ಮಂದಿರೆಲ್ಲ ಪತ್ರೊಡೆ, ಹಲಸಿನ ಬೀಜದ ಪಲ್ಯ, ಚಗತೆ ಸೊಪ್ಪಿನ ಅಂಬಡೆ ಮಾಡಿ ತರುತ್ತೇವೆ. ಆಗಸ್ಟ್ ಹದಿನೈದು ಗೊತ್ತೇ ಉಂಟು.

ಆಮೇಲೆ ಪ್ರತಿಭಾ ಕಾರಂಜಿ, ಅಂದರೆ ಶಾಲಾ ಮಕ್ಕಳ ಪ್ರತಿಭಾ ಸ್ಪರ್ಧೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕ್ಲಸ್ಟರ್ ಮಟ್ಟದ ಕಾರಂಜಿಯ ದಿನ ಮುಖ್ಯ ಶಿಕ್ಷಕಿ ಹನ್ನೊಂದು ಮಕ್ಕಳನ್ನು ಜೀಪಿನಲ್ಲಿ ಕರೆದುಕೊಂಡು ಬೇರೆ ಶಾಲೆಗೆ ಹೋದರು. ಗೌರವ ಶಿಕ್ಷಕಿಗೆ ಜ್ವರ, ಅತಿಥಿ ಶಿಕ್ಷಕಿಯೂ ಅಂದು ಇರಲಿಲ್ಲ. ಉಳಿದ ಒಬ್ಬರು ಮೇಷ್ಟ್ರು ನಾಲ್ಕರಿಂದ ಏಳನೇ ಕ್ಲಾಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ನಲಿ-ಕಲಿ ಕೋಣೆಗೆ ಯಾರೂ ಇಲ್ಲ. ಅಕ್ಷರ ದಾಸೋಹದ ಬಿಸಿಯೂಟಕ್ಕೆ ಬಸಳೆ ಕೊಡಲು ಅಂತ ಹೋಗಿದ್ದ ನನ್ನನ್ನು ನೋಡಿ, "ಅಕ್ಕಾ, ಒಂದು ಗಂಟೆ ಕೂರುತ್ತೀರಾ?" ಅಂದರು.

ನಲಿ-ಕಲಿ ಅಂದರೆ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಗೋಡೆಯಲ್ಲಿ ಕಲಿಕಾ ಏಣಿ ಇರುತ್ತದೆ. ಟೀಚರ್ ಸಹಾಯ ಎಷ್ಟು ಬೇಕೋ ಅದರ ಪ್ರಕಾರ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅಂತ ಹೆಸರು. ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ, "ಅ, ಆ ಬರೆಯಿರಿ" ಅಂದೆ. ಎರಡು ಜಡೆಯ ಒಂದು ಪುಟ್ಟಿ ಎದ್ದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಾಗಲ್ಲ ಮಾಮಿ. ನಾನು ಮೂರನೇ ತಟ್ಟೆ. ನನಗೆ ಟೀಚರ್ ಬೇಡ, ಇವನಿಗೆ ಬೇಕು, ಇವನು ಒಂದನೇ ತಟ್ಟೆ." ಹೇಳಿ ಏಣಿಯಲ್ಲಿ ಬೆರಳಿಟ್ಟು ತನ್ನ ಚಿತ್ರ ತೋರಿಸಿ, ಕಾರ್ಡು ತೆಗೆದುಕೊಂಡು ಹೋಗಿ ಕೂತಳು. ಆ 'ಇವನು' ನನ್ನ ಕೈ ಹಿಡಿದುಕೊಂಡೇ ಇದ್ದ. 'ಮ' ಮತ್ತು 'ವು' ಅವನಿಗೆ ಒಂದೇ ತರ ಕಾಣುತ್ತದೆ. ನನಗೂ ಹೇಗೆ ಬಿಡಿಸಿ ಹೇಳುವುದು ಅಂತ ತಿಳಿಯಲಿಲ್ಲ. ಗಂಟೆ ಹೊಡೆಯುವವರೆಗೂ ಬಸಳೆ ಕಟ್ಟು ನನ್ನ ಪಕ್ಕದಲ್ಲೇ ಇತ್ತು.

ಟೀಚರ್ ಕೆಲಸ ಯಾರೂ ಮಾಡಬಹುದು ಅಂತ ಅದುವರೆಗೆ ನನ್ನ ತಲೆಯ ಯಾವುದೋ ಮೂಲೆಯಲ್ಲಿ ಇತ್ತು. ಅವತ್ತು ಹೋಯಿತು.

ನಮ್ಮ ತಂಡಕ್ಕೆ ಅಂದು ಎರಡು ಬಹುಮಾನ ಬಂತು, ಕಥೆ ಹೇಳುವುದರಲ್ಲಿ ಮತ್ತು ಮಣ್ಣಿನ ಗೊಂಬೆಯಲ್ಲಿ. ಅದನ್ನೂ ಹೇಳಬೇಕಲ್ವಾ.

2025ರ ದಸರಾ ಕಥೆ ನಿಮಗೇ ಗೊತ್ತು. ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ (ಜನ ಜಾತಿಗಣತಿ ಅನ್ನುವುದು) ಶುರುವಾಯಿತು, ಟೀಚರುಗಳು ಮನೆ ಮನೆ ಸುತ್ತಿದರು, ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಸಮೀಕ್ಷೆ ಬೇಕೋ ಬೇಡವೋ ಅಂತ ನಾನು ಇಲ್ಲಿ ಚರ್ಚೆ ಮಾಡುವುದಿಲ್ಲ. ಐದು ಜನ ಇರುವ ಶಾಲೆಗೆ ಅದು ಒಂದು ಕೆಲಸ, ಇಬ್ಬರು ಇರುವ ಶಾಲೆಗೆ ಅದೇ ಕೆಲಸ ಬೇರೆ ತೂಕ.

ನವೆಂಬರ್‌ನಲ್ಲಿ ರಾಜ್ಯೋತ್ಸವ, ಮಕ್ಕಳ ದಿನ, ಮಕ್ಕಳ ಸಂತೆ. ಸಂತೆಯಲ್ಲಿ ಮಕ್ಕಳೇ ತೊಂಡೆಕಾಯಿ, ಬಾಳೆಹಣ್ಣು, ಮಜ್ಜಿಗೆ ಮಾರುತ್ತಾರೆ. ನನ್ನ ಮಗ ನಮ್ಮ ತೋಟದ ಲಿಂಬೆಹಣ್ಣನ್ನು ನನಗೇ ಹತ್ತು ರೂಪಾಯಿಗೆ ಮಾರಿದ. ಚಿಲ್ಲರೆ ಸರಿಯಾಗಿ ವಾಪಸು ಕೊಟ್ಟ, ಲೆಕ್ಕ ಬಂದಿದೆ ಅಂತ ಸಮಾಧಾನ.

ಮಕ್ಕಳ ಗ್ರಾಮ ಸಭೆ ಆದದ್ದೂ ಅದರ ಹಿಂದೆಮುಂದೆಯೇ. ಪಂಚಾಯತ್ ಹಾಲಿನಲ್ಲಿ ನಮ್ಮ 'ಮುಖ್ಯಮಂತ್ರಿ' ಮೈಕ್ ಹಿಡಿದು ಕೇಳಿದಳು: "ನಮ್ಮ ಶಾಲೆಗೆ ಇನ್ನೊಬ್ಬರು ಟೀಚರ್ ಯಾವಾಗ ಬರುತ್ತಾರೆ?" ಶೌಚಾಲಯಕ್ಕೆ ನೀರು ಕೇಳಿದವರಿಗೆ ಉತ್ತರ ಸಿಕ್ಕಿತು, ಬೀದಿ ದೀಪಕ್ಕೂ ಸಿಕ್ಕಿತು. ಇವಳಿಗೆ, "ಅದು ನಮ್ಮ ಕೈಯಲ್ಲಿ ಇಲ್ಲ ಮಗಾ, ಮೇಲಿನವರಿಗೆ ಬರೆಯುತ್ತೇವೆ" ಅಂದರು. ವಾಪಸು ಬರುವಾಗ ಓಮ್ನಿಯಲ್ಲಿ ಅವಳು ನನ್ನನ್ನು ಕೇಳಿದಳು, "ಮೇಲಿನವರು ಅಂದರೆ ಯಾರು?" ನಾನು ನಿಮ್ಮ ಹೆಸರು ಹೇಳಿದೆ. ಅದಕ್ಕೇ ಈ ಪತ್ರ.

ಊರಿನಿಂದ ಆಗುವುದನ್ನು ನಾವು ಯಾರನ್ನೂ ಕೇಳುವುದಿಲ್ಲ. ವಾರ್ಷಿಕೋತ್ಸವದ ದಿನ ನೀವು ಉಂಡ ಅನ್ನ, ಸಾಂಬಾರು, ಪಾಯಸ ಪೂರ್ತಿ ಹೊರೆಕಾಣಿಕೆಯದ್ದು. ಬೆಳಿಗ್ಗೆ ಮನೆ ಮನೆಯಿಂದ ತೆಂಗಿನಕಾಯಿ, ಸೌತೆ, ಅಕ್ಕಿ, ಬೆಲ್ಲ ಮೆರವಣಿಗೆಯಲ್ಲಿ ಬಂದಿತ್ತು. ಅಕ್ಷರ ದಾಸೋಹದ ತರಕಾರಿ ಅರ್ಧ ಶಾಲೆಯ ತೋಟದ್ದು. ಸರ್ಕಾರ ಕೊಡುವುದನ್ನೂ ನಾನು ಮರೆತಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು, ಈಗ ವಾರಕ್ಕೆ ಆರು ದಿನ ಮೊಟ್ಟೆ. ಅದು ಒಳ್ಳೆಯದೇ. ಆದರೆ ಮೊಟ್ಟೆ ತರಿಸುವುದು, ಎಣಿಸುವುದು, ಬೇಡದವರಿಗೆ ಬಾಳೆಹಣ್ಣು ಲೆಕ್ಕ ಹಾಕುವುದು, ಅದನ್ನೆಲ್ಲ ಮೊಬೈಲಿನಲ್ಲಿ ತುಂಬುವುದು ಯಾರು? ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಧ್ವಜಕಟ್ಟೆಯ ಹತ್ತಿರ ಮಾತ್ರ. ಮುಖ್ಯ ಶಿಕ್ಷಕಿ ದಿನಾ ಮಧ್ಯಾಹ್ನ ಅಲ್ಲಿ ಫೋನು ಎತ್ತಿ ಹಿಡಿದು ನಿಂತಿರುತ್ತಾರೆ. ದೂರದಿಂದ ನೋಡಿದರೆ ಧ್ವಜವಂದನೆ ಮಾಡುತ್ತಿದ್ದಾರೆ ಅನಿಸುತ್ತದೆ.

ನಮ್ಮ ಯೋಜನೆಯಲ್ಲಿ ದೊಡ್ಡ ಗುರಿ ಏನೂ ಇಲ್ಲ. ಮುಂದಿನ ಮಾರ್ಚ್ ಒಳಗೆ ಮೂರನೇ ಕ್ಲಾಸಿನ ಪ್ರತಿ ಮಗು ಕನ್ನಡದಲ್ಲಿ ಒಂದು ಪುಟ ತಡವರಿಸದೆ ಓದಬೇಕು, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬರಬೇಕು. ನಮ್ಮ ಮಕ್ಕಳ ಮನೆಮಾತು ತುಳು, ಕೆಲವರದ್ದು ಬ್ಯಾರಿ, ಕೊಂಕಣಿ. ಕನ್ನಡ ಅವರಿಗೆ ಶಾಲೆಯಲ್ಲೇ ಸಿಗಬೇಕಾದ ಭಾಷೆ. ಅದಕ್ಕೆ ಜನ ಬೇಕು, ಮಾತಾಡಿಸುವವರು ಬೇಕು.

ಹುದ್ದೆ ಯಾಕೆ ಖಾಲಿ ಬೀಳುತ್ತದೆ ಅಂತ ನಮಗೆ ಸ್ವಲ್ಪ ಗೊತ್ತಿದೆ. ನಮ್ಮ ಕಡೆಗೆ ಬರುವ ಟೀಚರುಗಳಲ್ಲಿ ಎಷ್ಟೋ ಮಂದಿ ಉತ್ತರ ಕರ್ನಾಟಕದವರು. ಹಿಂದೆ ವಿಜಯಪುರ ಕಡೆಯ ಒಬ್ಬರು ಮೇಷ್ಟ್ರು ಎಂಟು ವರ್ಷ ಇದ್ದರು. ತುಳು ಕಲಿತರು, ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿಕೊಂಡರು. ನಮ್ಮ ಮಕ್ಕಳು "ಏನ್ರೀ ಸರ, ಆರಾಮ ಅದೀರೇನ್ರೀ" ಅನ್ನಲು ಕಲಿತರು. ವಯಸ್ಸಾದ ಅಪ್ಪ ಅಮ್ಮ ಅಲ್ಲಿ, ಇವರು ಇಲ್ಲಿ. ವರ್ಗಾವಣೆ ಸಿಕ್ಕಿತು, ಹೋದರು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಬಸ್ಸು ಹತ್ತಿಸಲು ಅರ್ಧ ಊರು ಹೋಗಿತ್ತು. ಆದರೆ ಅವರ ಜಾಗಕ್ಕೆ ಇವತ್ತಿನವರೆಗೆ ಯಾರೂ ಬಂದಿಲ್ಲ. ಹೋಗುವವರನ್ನು ಕಳಿಸುವ ಮೊದಲು ಬರುವವರು ಯಾರು ಅಂತ ನೋಡುವುದು ಅಷ್ಟು ಕಷ್ಟವಾ?

ನಿಮ್ಮ ವರ್ಷದ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿಯಿಂದ ಟೀಚರಿಗೆ ಸಂಬಳ ಕೊಡಲು ಆಗುವುದಿಲ್ಲ ಅಂತ ಗೊತ್ತು. ರಂಗಮಂದಿರಕ್ಕಾದರೆ ನಿಮ್ಮ ಹೆಸರಿನ ಕಲ್ಲು ಹಾಕಬಹುದು, ಟೀಚರ್ ಮೇಲೆ ಕಲ್ಲು ಹಾಕಲು ಬರುವುದಿಲ್ಲ. ಅದೂ ಅರ್ಥವಾಗುತ್ತದೆ. ಆದರೆ ತಾಲ್ಲೂಕಿನ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆ ಸಭೆಗೆ, ಅಧ್ಯಕ್ಷರು ನೀವೇ. ಮೂರು ತಿಂಗಳಿಗೊಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ನಿಮ್ಮ ಎದುರು ನಿಂತು ವರದಿ ಓದುತ್ತಾರೆ. ಮುಂದಿನ ಸಭೆಯಲ್ಲಿ ಕಟ್ಟಡ, ಕಾಂಪೌಂಡಿನ ಲೆಕ್ಕಕ್ಕಿಂತ ಮೊದಲು ಅರ್ಧಕ್ಕಿಂತ ಜಾಸ್ತಿ ಹುದ್ದೆ ಖಾಲಿ ಇರುವ ಶಾಲೆಗಳ ಪಟ್ಟಿ ಓದಿಸಿ. ಅತಿಥಿ ಶಿಕ್ಷಕರು ಜುಲೈ ಮಧ್ಯಕ್ಕಲ್ಲ, ಶಾಲೆ ಶುರುವಾದ ದಿನವೇ ಬರಬೇಕು ಅಂತ ಹೇಳಿ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನಮ್ಮಂಥ ಶಾಲೆಯ ಖಾಲಿ ಹುದ್ದೆಯನ್ನು ಮೊದಲು ತೋರಿಸುವಂತೆ ಮಾಡಿಸಿ. ವಿಧಾನಸಭೆಯಲ್ಲಿ ಒಂದು ಪ್ರಶ್ನೆ ಹಾಕಿ, ನಮ್ಮ ಶಾಲೆಯ 'ಮುಖ್ಯಮಂತ್ರಿ' ಕೇಳಿದ್ದನ್ನೇ ಕೇಳಿದರೆ ಸಾಕು. ಇದಕ್ಕೆಲ್ಲ ನಿಧಿ ಖರ್ಚಾಗುವುದಿಲ್ಲ.

ಇಷ್ಟಾದ ಮೇಲೂ ರಂಗಮಂದಿರ ಕೊಡುವುದಾದರೆ ಕೊಡಿ, ನಾವೇನು ಬೇಡ ಅನ್ನುವವರಲ್ಲ. ಮಳೆಗಾಲದಲ್ಲಿ ಅಡಿಕೆ ಒಣಗಿಸಲಾದರೂ ಆಗುತ್ತದೆ.

ಇನ್ನೊಂದು ಸಲ ನಮ್ಮ ಶಾಲೆಗೆ ಬನ್ನಿ. ಕಾರ್ಯಕ್ರಮಕ್ಕಲ್ಲ, ಯಾವುದಾದರೂ ಒಂದು ಮಂಗಳವಾರ ಹತ್ತೂವರೆಗೆ. ಮೊದಲೇ ಫೋನ್ ಮಾಡಿಸಬೇಡಿ. ಮಾಡಿಸಿದರೆ ಇರುವ ಇಬ್ಬರು ಟೀಚರುಗಳೂ ಪಾಠ ಬಿಟ್ಟು ಹೂಗುಚ್ಛ ಹುಡುಕಲು ಹೋಗುತ್ತಾರೆ. ಗೇಟಿಗೆ ಬೀಗ ಇಲ್ಲ, ದನ ಒಳಗೆ ಬರಬಾರದು ಅಂತ ಒಂದು ಹಗ್ಗ ಕಟ್ಟಿದ್ದೇವೆ. ಬಿಚ್ಚಿ ಒಳಗೆ ಬನ್ನಿ. ಬಂದ ಮೇಲೆ ಪುನಃ ಕಟ್ಟಿ ಆಯ್ತಾ, ಬಸಳೆ ಚಪ್ಪರ ಅಲ್ಲೇ ಹತ್ತಿರ ಉಂಟು.

ಇತಿ,
ಒಬ್ಬಳು ಎಸ್‌ಡಿಎಂಸಿ ಸದಸ್ಯೆ