ಎಣಿಕೆ ಸರಿ ಇತ್ತು ಅಂತ ಒಂದು ಸಲ ಹೇಳಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸನಸಭೆಯಲ್ಲಿ ನೀವು ನಮ್ಮ ಕ್ಷೇತ್ರದ ಪ್ರತಿನಿಧಿ. ನಮ್ಮೂರ ಕಡೆ ಎಂಎಲ್‌ಎ ಅಂತೀವಲ್ಲ, ಇಲ್ಲಿ ನೀವು ನಮಗೆ ಹಾಗೆ. ಅಟ್ಲಾಂಟಾ ಹತ್ತಿರದ ಒಂದು ಬಡಾವಣೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನಿಮಗೆ ಇಂಗ್ಲಿಷಿನಲ್ಲಿ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ. ಒಂದಕ್ಷರವೂ ಬದಲಾಗಿರಲಿಲ್ಲ. ಅದಕ್ಕೇ ಈಗ ನನ್ನ ಭಾಷೆಯಲ್ಲಿ, ನಮ್ಮವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಚುನಾವಣೆಗೆ ಮುಂಚೆ ನೀವು ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಬಂದು ಕೈಮುಗಿದು ‘ನಮಸ್ಕಾರ’ ಅಂದಿರಿ. ಆ ಮಾತು ಹೇಳಿಕೊಟ್ಟವರು ಈ ಪತ್ರವನ್ನೂ ಓದಿ ಹೇಳುತ್ತಾರೆ ಅಂತ ನಂಬಿದ್ದೇನೆ.

ನಾನು ಕೇಳುತ್ತಿರುವುದು ಒಂದೇ ಮಾತು. 2020ರ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜಿಯಾದ ಎಣಿಕೆ ಸರಿ ಇತ್ತು, ನಿಮ್ಮ ರಿಪಬ್ಲಿಕನ್ ಪಕ್ಷ ಇಲ್ಲಿ ಸೋತಿತ್ತು ಅಂತ ನೀವು ಮೈಕಿನ ಮುಂದೆ ನಿಂತು ಹೇಳಬೇಕು.

ಲೆಕ್ಕ ನಿಮಗೆ ಗೊತ್ತಿಲ್ಲದ್ದೇನಲ್ಲ. ಸುಮಾರು 50 ಲಕ್ಷ ಓಟು. ಅಂತರ 11,779. ಮೊದಲು ಯಂತ್ರ ಎಣಿಸಿತು. ಆಮೇಲೆ ನಮ್ಮ ಜಿಲ್ಲೆಗಳ ಥರದ 159 ಕೌಂಟಿಗಳಲ್ಲೂ ಕೈಯಲ್ಲಿ ಎಣಿಸಿದ್ದಾಯಿತು. ಆಮೇಲೆ ಟ್ರಂಪ್ ಅವರ ಕಡೆಯವರು ಕೇಳಿದರು ಅಂತ ಮತ್ತೆ ಯಂತ್ರದಲ್ಲಿ ಎಣಿಸಿದರು. ಮೂರು ಸಲವೂ ಗೆದ್ದದ್ದು ಬೈಡನ್ ಅವರೇ. ಅದನ್ನು ಒಪ್ಪಿ ಸಹಿ ಮಾಡಿದ ಗವರ್ನರ್ ಬ್ರಯನ್ ಕೆಂಪ್ ನಿಮ್ಮ ಪಕ್ಷದವರು. ಚುನಾವಣೆ ನಡೆಸಿದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಕೂಡ ನಿಮ್ಮ ಪಕ್ಷದವರೇ. 2021ರ ಜನವರಿ 2ರಂದು ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಅವರೇ ಫೋನ್ ಮಾಡಿ 11,780 ಓಟು ಹುಡುಕಿಕೊಡಿ ಎಂದಾಗಲೂ ರಾಫೆನ್ಸ್‌ಪರ್ಗರ್ ಜಗ್ಗಲಿಲ್ಲ. ಅವರಿಂದ ಆದದ್ದು ನಿಮ್ಮಿಂದ ಯಾಕೆ ಆಗುತ್ತಿಲ್ಲ?

ಆ ಕೈ ಎಣಿಕೆಯಲ್ಲಿ ನಾನೂ ಕೂತಿದ್ದೆ. 2020ರ ನವೆಂಬರ್, ಕೊರೋನಾ ಕಾಲ, ಎಲ್ಲರ ಮುಖಕ್ಕೂ ಮಾಸ್ಕು. ಮೇಜಿಗೆ ಇಬ್ಬರು. ಒಬ್ಬರು ಬ್ಯಾಲೆಟ್ ಎತ್ತಿ ಅದರಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅದನ್ನು ಕೈಗೆ ತಗೊಂಡು, ತಾವೂ ನೋಡಿ, ಆಯಾ ಗುಡ್ಡೆಗೆ ಹಾಕಬೇಕು. ಟ್ರಂಪ್ ಗುಡ್ಡೆ, ಬೈಡನ್ ಗುಡ್ಡೆ, ಮೂರನೇ ಅಭ್ಯರ್ಥಿ ಜೋರ್ಗೆನ್ಸನ್ ಗುಡ್ಡೆ, ಅನುಮಾನ ಬಂದದ್ದು ಬೇರೆ. ಒಂದು ಕಟ್ಟು ಮುಗಿದ ಮೇಲೆ ಎಣಿಸಿ, ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಪಕ್ಷಗಳ ವೀಕ್ಷಕರು ಮೇಜುಗಳ ನಡುವೆ ಓಡಾಡುತ್ತಲೇ ಇದ್ದರು.

ನನ್ನ ಎದುರು ಕೂತವರು ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿತ್ತು. ಮೊದಲ ದಿನ ಊಟದ ಹೊತ್ತಿಗೇ ಹೇಳಿದರು, ತಮ್ಮ ಓಟು ಟ್ರಂಪ್ ಅವರಿಗೆ, ಮನೆ ಮುಂದೆ ಅವರ ಬೋರ್ಡು ಇನ್ನೂ ಇದೆ ಅಂತ. ನನ್ನದು ಬೈಡನ್ ಅವರಿಗೆ ಅಂದೆ. ಸರಿ ಬಿಡಿ ಅಂದು, ಮನೆಯಲ್ಲಿ ಹುರಿದು ತಂದಿದ್ದ ಪೆಕಾನ್ ಬೀಜದ ಡಬ್ಬಿ ನನ್ನ ಕಡೆ ತಳ್ಳಿದರು. ಮಾರನೇ ದಿನ ನಾನು ಕೋಡುಬಳೆ ತಗೊಂಡು ಹೋದೆ.

ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಅವರು ಒಂದೊಂದೇ ಬ್ಯಾಲೆಟ್ ಎತ್ತಿ ಓದುತ್ತಿದ್ದರು. ‘ಟ್ರಂಪ್’ ಅನ್ನುವಾಗ ಇದ್ದ ದನಿಯೇ ‘ಬೈಡನ್’ ಅನ್ನುವಾಗಲೂ ಇರುತ್ತಿತ್ತು. ಒಂದು ಅಂಚೆ ಬ್ಯಾಲೆಟ್ ನನಗೆ ಚೆನ್ನಾಗಿ ನೆನಪಿದೆ. ಬೈಡನ್ ಹೆಸರಿನ ಮುಂದಿನ ಸೊನ್ನೆಯಾಕಾರದ ಜಾಗವನ್ನು ತುಂಬಿರಲಿಲ್ಲ. ಬರೀ ಒಂದು ತೆಳ್ಳನೆ ಟಿಕ್ ಇತ್ತು. ನಾನು ಅನುಮಾನದ ಗುಡ್ಡೆಗೆ ಹಾಕೋಣ ಎಂದು ಕೈ ಚಾಚಿದೆ. ಅವರು ತಡೆದರು. ಹಾಳೆಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ಕೆಳಗಿನ ಎಲ್ಲ ಹುದ್ದೆಗಳಿಗೂ ಅದೇ ಥರ ಟಿಕ್ ಹಾಕಿದ್ದರು. ‘ಯಾರೋ ಕೈ ನಡುಗುವ ವಯಸ್ಸಾದವರು. ಇದು ಬೈಡನ್ ಓಟು, ದಂಡ ಮಾಡೋದು ಬೇಡ’ ಅಂದರು. ವೀಕ್ಷಕರೂ ನೋಡಿ ಹೌದು ಅಂದರು.

ತಮ್ಮ ಅಭ್ಯರ್ಥಿ ಸೋಲುತ್ತಿದ್ದಾಗ ಎದುರಾಳಿಯ ಒಂದು ಓಟು ದಂಡವಾಗಬಾರದು ಅಂತ ಕಣ್ಣು ಕಿರಿದು ಮಾಡಿಕೊಂಡು ನೋಡಿದರಲ್ಲ, ಅಂಥವರು ನಿಮ್ಮ ಮತದಾರರು.

ಈಗ ಹೋದ ವರ್ಷ ಲೈಬ್ರರಿ ಹಾಲಿನಲ್ಲಿ ನೀವು ನಡೆಸಿದ ಸಭೆಗೆ ಬರುತ್ತೇನೆ. ನೀವು ಮರೆತಿರಬಹುದು. ನಾನು ಮರೆತಿಲ್ಲ. ‘2020ರಲ್ಲಿ ಆ ಎಣಿಕೆ ಕೋಣೆಗಳಲ್ಲಿ ಏನಾಯ್ತು ಅಂತ ನಮಗೆಲ್ಲ ಗೊತ್ತು’ ಅಂದಿರಿ. ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಆ ಹಿರಿಯರು ಕೋಲು ಊರಿಕೊಂಡು ಎದ್ದು ನಿಂತರು. ‘ನಾನು ಆ ಕೋಣೆಯಲ್ಲಿದ್ದೆ. ಏನಾಯ್ತು, ನೀವೇ ಹೇಳಿ’ ಎಂದು ಕೇಳಿದರು. ನೀವು ನಕ್ಕಿರಿ. ನಿಮ್ಮ ಭಾವನೆಯನ್ನು ಗೌರವಿಸುತ್ತೇನೆ, ಮುಂದಿನ ಪ್ರಶ್ನೆ ಅಂದಿರಿ. ಹಿಂದಿನಿಂದ ಯಾರೋ ‘ಎಷ್ಟು ದುಡ್ಡು ಕೊಟ್ಟರು?’ ಎಂದು ಕೂಗಿದರು. ಜನ ನಕ್ಕರು.

ಮೈಕು ನಿಮ್ಮ ಕೈಯಲ್ಲಿತ್ತು, ಮಾನ್ಯರೇ. ‘ಹಾಗೆ ಮಾತಾಡಬೇಡಿ’ ಅಂತ ಒಂದು ಮಾತು. ಅಷ್ಟೂ ನಿಮ್ಮ ಬಾಯಿಂದ ಬರಲಿಲ್ಲ.

ಕಾರಿನ ಹತ್ತಿರ ಬಂದಾಗ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ನಾನೇ ಅವರನ್ನು ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, ‘ಇವರು ನಿಂತಾಗಲೆಲ್ಲ ನಾನು ಇವರಿಗೇ ಓಟು ಹಾಕಿದ್ದೀನಿ’ ಅಂದರು. ಆಮೇಲೆ ಅವರು ಮತಗಟ್ಟೆಯ ಕೆಲಸಕ್ಕೆ ಬರಲೇ ಇಲ್ಲ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಪ್ಪ ಅರಸೀಕೆರೆ ತಾಲ್ಲೂಕಿನಲ್ಲಿ ಮೇಷ್ಟ್ರು. ಎಲೆಕ್ಷನ್ ಡ್ಯೂಟಿ ಬಂದಾಗ ಮತಪೆಟ್ಟಿಗೆ ತೊಡೆ ಮೇಲೆ ಇಟ್ಟುಕೊಂಡು ಲಾರಿಯಲ್ಲಿ ಕೂತು ಹೋಗುತ್ತಿದ್ದರು. ಮಾರನೇ ದಿನ ಬೆಳಗಿನ ಜಾವ ಮನೆಗೆ ಬಂದರೆ ಬೆರಳೆಲ್ಲ ಶಾಯಿ. ಯಾರು ಗೆಲ್ತಾರಪ್ಪ ಅಂದರೆ, ‘ನನಗ್ಯಾಕೆ? ನನ್ನ ಪೆಟ್ಟಿಗೆ ಲೆಕ್ಕ ಸರಿ ಇದೆ’ ಅನ್ನುತ್ತಿದ್ದರು. ಇಲ್ಲಿ ಪೌರತ್ವ ಸಿಕ್ಕ ಮೇಲೆ ನಾನು ಮೊದಲು ಕೇಳಿಕೊಂಡು ಹೋದದ್ದು ಮತಗಟ್ಟೆಯ ಕೆಲಸವನ್ನೇ. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಮತದಾನ. ನಾವು ಐದೂವರೆಗೇ ಹೋಗಬೇಕು. ಓಟು ಹಾಕಿದವರಿಗೆ ಪೀಚ್ ಹಣ್ಣಿನ ಚಿತ್ರದ ಸ್ಟಿಕ್ಕರ್ ಕೊಡುವುದು ನನಗೆ ಖುಷಿಯ ಕೆಲಸ. 2020 ಆದ ಮೇಲೆ ಅದೇ ಕೆಲಸಕ್ಕೆ ಹೋಗುವಾಗ ಗಂಡ, ಮಗಳು ಇಬ್ಬರೂ ಬೇಡ ಅನ್ನುತ್ತಾರೆ. ಒಬ್ಬ ನನ್ನ ಮುಖದ ಮುಂದೆ ಫೋನ್ ಹಿಡಿದು, ನೀನು ಎಲ್ಲಿ ಹುಟ್ಟಿದವಳು, ನಮ್ಮ ಓಟು ಮುಟ್ಟೋಕೆ ನೀನ್ಯಾರು ಅಂತ ಕೇಳಿದ. ಮನೆಯ ಅಂಚೆಪೆಟ್ಟಿಗೆಯಲ್ಲಿ ಹೆಸರಿಲ್ಲದ ಚೀಟಿ ಬಿತ್ತು. ಏನು ಬರೆದಿತ್ತು ಅಂತ ಇಲ್ಲಿ ಹೇಳಲಾರೆ. ಬಾಗಿಲಿಗೆ ಕ್ಯಾಮೆರಾ ಹಾಕಿಸಿದೆವು.

ನನ್ನದು ಸಣ್ಣದು. ಅಟ್ಲಾಂಟಾದಲ್ಲಿ ಓಟು ಎಣಿಸಿದ ರೂಬಿ ಫ್ರೀಮನ್, ಶೇ ಮಾಸ್ ಎಂಬ ತಾಯಿ ಮಗಳ ಪಾಡು ಊರಿಗೇ ಗೊತ್ತು. ಅವರು ಗುಟ್ಟಾಗಿ ಪೆನ್ ಡ್ರೈವ್ ಕೈ ಬದಲಾಯಿಸಿದರು ಅಂತ ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಆರೋಪ ಮಾಡಿದ್ದು ನಿಮ್ಮದೇ ಶಾಸನಸಭೆಯ ಸಮಿತಿಯ ಮುಂದೆ. ತಾಯಿ ಮಗಳಿಗೆ ಕೊಟ್ಟದ್ದು ಒಂದು ಶುಂಠಿ ಪೆಪ್ಪರ್‌ಮಿಂಟು. ಆ ತಾಯಿ ಸುಮಾರು ಎರಡು ತಿಂಗಳು ಮನೆ ಬಿಟ್ಟು ಇರಬೇಕಾಯಿತು. ಜೂಲಿಯಾನಿ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕು ಎಂದು 2023ರ ಡಿಸೆಂಬರಿನಲ್ಲಿ ಜ್ಯೂರಿ ಹೇಳಿತು. ಇಷ್ಟಾದ ಮೇಲೂ ‘ನಮಗೆಲ್ಲ ಗೊತ್ತು’ ಅನ್ನುತ್ತೀರಲ್ಲ, ಏನು ಗೊತ್ತು ನಿಮಗೆ? ಗೊತ್ತಿದ್ದರೆ ಹೇಳಿ. ಇಲ್ಲದಿದ್ದರೆ ಎಣಿಕೆ ಸರಿ ಇತ್ತು ಅನ್ನಿ.

ನಾನು ಒಂದು ಪಕ್ಷದ ಪರ ಮಾತಾಡುತ್ತಿದ್ದೇನೆ ಅಂತ ನಿಮ್ಮ ಕಚೇರಿಯವರು ಅಂದುಕೊಳ್ಳಬಹುದು. 2018ರಲ್ಲಿ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಟೇಸಿ ಏಬ್ರಮ್ಸ್ ಸುಮಾರು 55 ಸಾವಿರ ಓಟಿನಿಂದ ಸೋತರು. ನಾನು ಅವರಿಗೇ ಓಟು ಹಾಕಿದ್ದೆ. ಇದು ಸೋಲೊಪ್ಪುವ ಭಾಷಣ ಅಲ್ಲ ಅಂತ ಅವರು ಹೇಳಿದಾಗ ನನ್ನ ಗೆಳತಿಯರು ಕುಣಿದರು. ನನಗೆ ಸರಿ ಅನ್ನಿಸಲಿಲ್ಲ, ಅವರ ಮುಂದೆಯೇ ಹೇಳಿದೆ. ಓಟರ್ ಪಟ್ಟಿಯ ಬಗ್ಗೆ ಅವರು ಎತ್ತಿದ ಪ್ರಶ್ನೆಗಳು ನಿಜವೇ. ಆದರೆ ಪ್ರಶ್ನೆ ಕೇಳುವುದು ಬೇರೆ, ಗೆದ್ದವರನ್ನು ಗೆದ್ದವರು ಅನ್ನದೇ ಇರುವುದು ಬೇರೆ.

2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಓಟು ಹಾಕಿದೆ. ಅವರಮ್ಮ ನಮ್ಮ ಪಕ್ಕದ ತಮಿಳುನಾಡಿನ ಮನೆತನದವರು. ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ಹೇಳಲಾರೆ. ಜಾರ್ಜಿಯಾದಲ್ಲಿ ಸುಮಾರು 1 ಲಕ್ಷ 15 ಸಾವಿರದಿಂದ ಸೋತೆವು. ಮಾರನೇ ದಿನವೇ ಅವರು ಟ್ರಂಪ್ ಅವರಿಗೆ ಫೋನ್ ಮಾಡಿ ಅಭಿನಂದಿಸಿ, ತಾವು ಓದಿದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ನಿಂತು ಫಲಿತಾಂಶ ಒಪ್ಪಿಕೊಳ್ಳಬೇಕು ಅಂದರು. 2025ರ ಜನವರಿ 6ರಂದು ಉಪಾಧ್ಯಕ್ಷೆಯಾಗಿ ತಮ್ಮದೇ ಸೋಲಿನ ಲೆಕ್ಕವನ್ನು ಸಂಸತ್ತಿನಲ್ಲಿ ತಾವೇ ಓದಿದರು. ನಾನು ಟೀವಿ ಮುಂದೆ ಕೂತು ಅತ್ತೆ, ನಿಜ. ಆಮೇಲೆ ಆ ಹಿರಿಯರಿಗೆ ಫೋನ್ ಮಾಡಿ ‘ಇನ್ನು ಟ್ರಂಪ್ ನನಗೂ ಅಧ್ಯಕ್ಷರೇ’ ಅಂದೆ. ‘ಚೆನ್ನಾಗಿ ನಿಂತು ಓದಿದರು ಆಯಮ್ಮ’ ಅಂದರು ಅವರು.

ಅದಾಗಿ ಮೂರು ದಿನಕ್ಕೆ ನಮ್ಮ ರಾಜ್ಯದ ಪ್ಲೇನ್ಸ್ ಊರಿನ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂತ್ಯಸಂಸ್ಕಾರದ ಸಭೆ ವಾಷಿಂಗ್ಟನ್ನಿನಲ್ಲಿ ನಡೆಯಿತು. ನೀವೂ ನೋಡಿರಬೇಕು. 1976ರಲ್ಲಿ ಕಾರ್ಟರ್ ಸೋಲಿಸಿದ್ದು ನಿಮ್ಮ ಪಕ್ಷದ ಜೆರಾಲ್ಡ್ ಫೋರ್ಡ್ ಅವರನ್ನು. ಒಹಾಯೊ ರಾಜ್ಯದಲ್ಲಿ ಫೋರ್ಡ್ ಸೋತ ಅಂತರ ಸುಮಾರು 11 ಸಾವಿರ, ಹೆಚ್ಚು ಕಡಿಮೆ ನಮ್ಮ 2020ರಷ್ಟೇ. ಪ್ರಚಾರ ಮಾಡಿ ಮಾಡಿ ಗಂಟಲು ಕಟ್ಟಿಹೋಗಿತ್ತು. ಅವರ ಪಕ್ಕದಲ್ಲಿ ನಿಂತು ಸೋಲೊಪ್ಪಿದ ಸಂದೇಶ ಓದಿದವರು ಹೆಂಡತಿ ಬೆಟ್ಟಿ. ಕಾರ್ಟರ್ ತಮ್ಮ ಪದಗ್ರಹಣ ಭಾಷಣ ಶುರು ಮಾಡಿದ್ದೇ ಫೋರ್ಡ್ ಅವರಿಗೆ ವಂದಿಸಿ. ಆಮೇಲೆ ಇಬ್ಬರೂ ಗೆಳೆಯರಾದರು. ಯಾರು ಮೊದಲು ಹೋದರೂ ಇನ್ನೊಬ್ಬರು ಬಂದು ನಾಲ್ಕು ಮಾತಾಡಬೇಕು ಅಂತ ಮಾತು ಮಾಡಿಕೊಂಡರು. 2007ರಲ್ಲಿ ಫೋರ್ಡ್ ಅವರ ಅಂತ್ಯಸಂಸ್ಕಾರದಲ್ಲಿ ಕಾರ್ಟರ್ ಮಾತಾಡಿದರು. ಫೋರ್ಡ್ ಬದುಕಿದ್ದಾಗಲೇ ಬರೆದಿಟ್ಟಿದ್ದ ಮಾತನ್ನು 2025ರಲ್ಲಿ ಅವರ ಮಗ ಕಾರ್ಟರ್ ಅವರ ಪೆಟ್ಟಿಗೆಯ ಮುಂದೆ ನಿಂತು ಓದಿದರು. ತನ್ನನ್ನು ಸೋಲಿಸಿದವನ ಬಗ್ಗೆ, ತಾನು ಸತ್ತು ಹದಿನೆಂಟು ವರ್ಷ ಆದ ಮೇಲೂ, ಅಷ್ಟು ಅಕ್ಕರೆಯಿಂದ.

ಅಷ್ಟು ದೊಡ್ಡದನ್ನು ನಿಮ್ಮಿಂದ ಕೇಳುತ್ತಿಲ್ಲ. ಬೈಡನ್ ಅವರನ್ನು ಹೊಗಳಿ ಅಂತಲೂ ಅನ್ನುತ್ತಿಲ್ಲ. ಎಣಿಕೆ ಸರಿ ಇತ್ತು ಅನ್ನಿ. ನಾವು ಸೋತಿದ್ದೆವು ಅನ್ನಿ. 2028ರಲ್ಲಿ ಯಾರೇ ಗೆದ್ದರೂ, ಕೋರ್ಟಿನಲ್ಲಿ ಕೇಳುವುದೆಲ್ಲ ಕೇಳಿ ಮುಗಿದ ಮೇಲೆ, ಗೆದ್ದವರ ಹೆಸರು ಹೇಳುತ್ತೇನೆ ಅಂತ ಈಗಲೇ ಮಾತು ಕೊಡಿ. ನಾನೂ ಅದೇ ಮಾತು ಕೊಡುತ್ತೇನೆ. ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಎದುರು ನಿಲ್ಲುವ ಪಕ್ಷದವರಿಗೂ ಕಳಿಸಿ, ಅವರಿಂದಲೂ ಆ ಮಾತು ಕೇಳಿದ್ದೇನೆ.

ನಿಮ್ಮ ಮುಂದಿನ ಸಭೆ ಅದೇ ಲೈಬ್ರರಿ ಹಾಲಿನಲ್ಲಿ ಅಂತ ಗೊತ್ತಾಯಿತು. ಆ ಹಿರಿಯರನ್ನು ಕೇಳಿದೆ. ಮೊದಲು ಬರಲ್ಲ ಅಂದರು. ಆಮೇಲೆ, ಅವರು ಹೇಳೋದಾದರೆ ಬರ್ತೀನಿ ಅಂದರು. ನಾನೇ ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ. ಈ ಸಲ ಮೊದಲ ಸಾಲಿನಲ್ಲೇ ಕೂತಿರುತ್ತೇವೆ. ಅವರ ಮುಖ ನೋಡಿಕೊಂಡು ಆ ಒಂದು ಮಾತು ಹೇಳಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಮತಗಟ್ಟೆಯ ಕೆಲಸದವಳು