ನಡುಕದ ಮಾತ್ರೆ, ಮುಪ್ಪಿನ ಮರೆವು

ಮಾನ್ಯ ಸಂಪಾದಕರೇ,

ಪಾರ್ಕಿನ್‌ಸನ್ ಕಾಯಿಲೆಯ ಕೈನಡುಕ ತಗ್ಗಿಸಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನು ವಯಸ್ಸಾದವರು ಮರುಪರಿಶೀಲನೆಯೇ ಇಲ್ಲದೆ ವರ್ಷಗಟ್ಟಲೆ ನುಂಗುವುದರ ಅಪಾಯವನ್ನು ವೈದ್ಯರ ಹಾಗೂ ಮನೆಯವರ ಗಮನಕ್ಕೆ ತರಲು ಈ ಪತ್ರ.

ಈ ಕಾಯಿಲೆಯಲ್ಲಿ, ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್ ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋದಂತೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕದ ಕೈ ಮೇಲಾಗುತ್ತದೆ. ಅದಕ್ಕೆ ತಡೆಯೊಡ್ಡುವುದೇ ಈ ಮಾತ್ರೆಯ ಕೆಲಸ. 1960ರ ದಶಕದಲ್ಲಿ, ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪಾ ಔಷಧಿ ಬರುವವರೆಗೆ ರೋಗಿಗಳಿಗೆ ಮುಖ್ಯ ಆಸರೆಯಾಗಿದ್ದುದು ಈ ಬಗೆಯ ಔಷಧಿಗಳೇ. ಕಿರಿಯ ವಯಸ್ಸಿನವರಲ್ಲಿ, ನಡುಕವೇ ಮುಖ್ಯ ತೊಂದರೆಯಾಗಿದ್ದಾಗ, ಇಂದಿಗೂ ಇದು ಉಪಯುಕ್ತ. ಚಲನೆಯ ನಿಧಾನಕ್ಕೆ ಮಾತ್ರ ಅಷ್ಟಾಗಿ ನಾಟುವುದಿಲ್ಲ.

ತೊಡಕೆಂದರೆ, ನೆನಪಿಗೂ ಗಮನಕ್ಕೂ ಬೇಕಾದದ್ದು ಅದೇ ಅಸಿಟೈಲ್‌ಕೋಲಿನ್. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಬೇಗ ಗೊತ್ತಾಗುತ್ತವೆ. ಆದರೆ ಸಂಜೆಯಾದೊಡನೆ ಮನೆಯ ಹಿರಿಯರು ಖಾಲಿ ಕುರ್ಚಿಯತ್ತ ಕೈತೋರಿ ಯಾರೋ ಕುಳಿತಿದ್ದಾರೆ ಎಂದಾಗ, ಸೊಸೆಯ ಹೆಸರೇ ನೆನಪಾಗದೆ ತಡವರಿಸಿದಾಗ, ಎಲ್ಲರೂ ದೂರುವುದು ವಯಸ್ಸನ್ನು ಇಲ್ಲವೇ ಕಾಯಿಲೆಯನ್ನು. ಆಗ ಮರೆವಿಗೆಂದು ಡೊನೆಪೆಜಿಲ್ ಸೇರಿಕೊಂಡರಂತೂ ಅಸಂಗತವೇ ಸರಿ: ಅಸಿಟೈಲ್‌ಕೋಲಿನ್ ಹೆಚ್ಚಿಸುವ ಮಾತ್ರೆಯೊಂದು, ಅದನ್ನು ತಡೆಯುವ ಮಾತ್ರೆ ಇನ್ನೊಂದು, ಎರಡೂ ಒಂದೇ ಚೀಟಿಯಲ್ಲಿ! ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್, ನಿದ್ದೆಗೋ ನೋವಿಗೋ ಬರೆದ ಅಮಿಟ್ರಿಪ್ಟಿಲಿನ್ ಕೂಡ ಅಸಿಟೈಲ್‌ಕೋಲಿನ್ ತಡೆಯುವಂಥವೇ; ಅವೂ ಜೊತೆಗೂಡಿದರೆ ಈ ತಡೆಯ ಹೊರೆ ಇನ್ನಷ್ಟು ಏರುತ್ತದೆ. ಪ್ರಾಸ್ಟೇಟ್ ಗ್ರಂಥಿ ಊದಿದವರಿಗೆ ಮೂತ್ರ ಕಟ್ಟಿಕೊಳ್ಳಬಹುದು; ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ) ಇದ್ದವರಿಗೆ ಕಣ್ಣೊತ್ತಡ ಹೆಚ್ಚಬಹುದು. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಪ್ರಕಟಿಸುವ, ಹಿರಿಯರಿಗೆ ಅಪಾಯ ತರಬಲ್ಲ ಔಷಧಿಗಳನ್ನು ಹೆಸರಿಸುವ ಬಿಯರ್ಸ್ ಪಟ್ಟಿಯು 65 ಮತ್ತು ಮೇಲ್ಪಟ್ಟ ವಯಸ್ಸಿನವರಿಗೆ ಈ ಔಷಧಿಯನ್ನು ಕೊಡದಿರುವುದೇ ಮೇಲು ಎನ್ನುತ್ತದೆ.

ಹಾಗೆಂದು ಇದನ್ನು ಓದಿದವರು ನಾಳೆಯಿಂದಲೇ ಮಾತ್ರೆ ಬಿಡಿಸಬಾರದು. ಥಟ್ಟನೆ ನಿಲ್ಲಿಸಿದರೆ ನಡುಕ ಮತ್ತು ಮೈಬಿಗಿತ ಒಮ್ಮೆಲೇ ಉಲ್ಬಣಿಸಬಹುದು. ವೈದ್ಯರ ನಿಗಾದಲ್ಲಿ ಹಂತಹಂತವಾಗಿಯೇ ಇಳಿಸಬೇಕು. ಮುಂದಿನ ಭೇಟಿಗೆ ಹೋಗುವಾಗ, ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡದ್ದೂ ಸೇರಿದಂತೆ ಎಲ್ಲ ಮಾತ್ರೆಗಳನ್ನೂ ಒಯ್ದು ತೋರಿಸಿ, ಮರೆವು ಯಾವಾಗ ಶುರುವಾಯಿತೆಂದು ಮನೆಯವರೇ ಹೇಳಬೇಕು, ಏಕೆಂದರೆ ರೋಗಿಗೆ ಅದು ತಿಳಿಯದೇ ಇರಬಹುದು. ವೈದ್ಯರೂ ‘ಹಿಂದಿನಂತೆಯೇ ಮುಂದುವರಿಸಿ’ ಎಂದು ಬರೆಯುವ ಮುನ್ನ ಈ ಮಾತ್ರೆ ಇನ್ನೂ ಬೇಕೇ ಎಂದು ನೋಡಿ, ಬೇಕಿದ್ದರೆ ಮತ್ತೆ ಪರಿಶೀಲಿಸುವ ದಿನಾಂಕವನ್ನು ಚೀಟಿಯ ಮೇಲೆಯೇ ನಮೂದಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ