ತಳಿಗೆಂದು ಕೊಟ್ಟ ಕಡಕ್‌ನಾಥ್ ಕೋಳಿಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ತಳಿಕೋಳಿ ಮಾರಾಟ ವಿಭಾಗ

ವಿಷಯ: ಎರಡು ಹುಂಜ, ಹತ್ತು ಹೇಂಟೆಗಳಲ್ಲಿ ಕಂಡ ಬೆರಕೆ ಮತ್ತು ದೋಷಗಳು, ಬದಲಿ ಕೋಳಿಗಳ ಕೋರಿಕೆ

ಮಾನ್ಯರೇ,

ನಾನು ನಿಮ್ಮಲ್ಲಿ ಕೇಳಿದ್ದು ಮಾಂಸದ ಕೋಳಿಯನ್ನಲ್ಲ, ತಳಿಗೆ ಬಿಡುವ ಕೋಳಿಯನ್ನು. ಎರಡು ಹುಂಜಗಳೂ ಹೇಂಟೆಗಳೂ ಬೇರೆ ಬೇರೆ ತಾಯಿತಂದೆಯವಾಗಿರಬೇಕು ಎಂದು ಬರೆದು ಕೊಟ್ಟಿದ್ದೆ. ನೀವು ಒಪ್ಪಿ ಹಣ ಪಡೆದಿರಿ. ಬಂದ ಹನ್ನೆರಡು ಕೋಳಿಗಳೂ ದೂರದಿಂದ ನೋಡಿದರೆ ಕಪ್ಪು. ಕೈಯಲ್ಲಿ ಹಿಡಿದಾಗ ಬೇರೆಯೇ ಸಂಗತಿ ತಿಳಿಯಿತು.

ದೊಡ್ಡ ಹುಂಜದ ಕೊಕ್ಕು ಬಿಡಿಸಿ ನೋಡಿದೆ. ನಾಲಿಗೆ ತುದಿಯಲ್ಲಿ ಮಾತ್ರ ಬೂದು, ಬುಡದಲ್ಲಿ ಗುಲಾಬಿ. ರೆಕ್ಕೆಯ ಕೆಳಗಿನ ಗರಿ ಸರಿಸಿದರೆ ಚರ್ಮ ಮಾಸಲು ಬಿಳಿ. ಕಡಕ್‌ನಾಥ್ ಎಂದರೆ ಗರಿ ಮಾತ್ರ ಕಪ್ಪಗಿರುವ ಕೋಳಿಯಲ್ಲ. ಜುಟ್ಟು, ನಾಲಿಗೆ, ಚರ್ಮ, ಕಾಲು ಎಲ್ಲದರಲ್ಲೂ ಆ ಕಪ್ಪು ಇಳಿದಿರಬೇಕು. ಗರಿಯ ಬಣ್ಣವನ್ನೂ ಚರ್ಮದ ಬಣ್ಣವನ್ನೂ ಬೇರೆ ಬೇರೆ ವಂಶವಾಹಿಗಳು ನಿರ್ಧರಿಸುತ್ತವೆ. ಹಾಗಾಗಿ ಗರಿ ನೋಡಿ ತಳಿ ಆರಿಸುವವರು ಮೋಸ ಹೋಗುತ್ತಾರೆ, ಇಲ್ಲವೇ ಮೋಸ ಮಾಡುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದಾಗ ನಿಮ್ಮ ಸಿಬ್ಬಂದಿ, ‘ಕಪ್ಪಗಿದೆಯಲ್ಲ, ಇನ್ನೇನು ಬೇಕು’ ಎಂದರು. ನನಗೆ ಅತ್ಯಂತ ನೋವಾದದ್ದು ಆ ಮಾತಿನಿಂದ.

ಆದರೂ ಅನುಮಾನದ ಮೇಲೆ ದೂರು ಬರೆಯಬಾರದೆಂದು ಕಾದೆ. ಹಿಂದೆ ಕೂಡಿದ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯುವುದರಿಂದ, ಮೊದಲ ಮೂರು ವಾರದ ಒಂದು ಮೊಟ್ಟೆಯನ್ನೂ ಮರಿಗೆ ಇಡಲಿಲ್ಲ. ಹುಂಜಕ್ಕೆ ಐದರಂತೆ ಹೇಂಟೆಗಳನ್ನು ಬೇರೆ ಬೇರೆ ಗೂಡಿನಲ್ಲಿ ಬಿಟ್ಟೆ. ಆಮೇಲೆ ಪ್ರತಿ ಗೂಡಿನಿಂದ 24 ಮೊಟ್ಟೆಗಳನ್ನು ಗುರುತು ಹಾಕಿ ಇನ್‌ಕ್ಯುಬೇಟರ್‌ನಲ್ಲಿಟ್ಟೆ. 21ನೆಯ ದಿನ ದೊಡ್ಡ ಹುಂಜದ ಗೂಡಿನ ಮೊಟ್ಟೆಗಳಿಂದ 13 ಮರಿಗಳು ಬಂದವು. ಅವುಗಳಲ್ಲಿ ಏಳಕ್ಕೆ ಕಾಲು ಬಿಳಿಚು, ಬೆರಳ ತುದಿ ಹಳದಿ. ಅದೇ ದಿನ, ಅದೇ ಯಂತ್ರದಲ್ಲಿ ಹುಟ್ಟಿದ ಎರಡನೆಯ ಗೂಡಿನ 11 ಮರಿಗಳ ಕಾಲೆಲ್ಲ ಇದ್ದಲಿನಂತೆ ಕಪ್ಪು. ಚರ್ಮದ ಕಪ್ಪನ್ನು ತಡೆಯುವ ಗುಣ ಪ್ರಬಲವಾದದ್ದು, ಅಂದರೆ ಆ ವಂಶವಾಹಿಯ ಒಂದೇ ಪ್ರತಿ ಬಂದರೂ ಕಾಣಿಸಿಕೊಳ್ಳುತ್ತದೆ; ಹುಂಜದ ಎರಡು ಪ್ರತಿಗಳಲ್ಲಿ ಒಂದು ಅಂಥದ್ದಾಗಿದ್ದರೆ ಸುಮಾರು ಅರ್ಧ ಮರಿಗಳಿಗೆ ಇಳಿಯುತ್ತದೆ. ನನ್ನ ಲೆಕ್ಕವೂ ಹಾಗೆಯೇ ಬಂದಿದೆ. ಆ ಹುಂಜ ಬೆರಕೆ.

ಎರಡನೆಯ ಗೂಡಿನ ಕಥೆ ಬೇರೆ. ಅಲ್ಲಿ ಬಣ್ಣ ಸರಿ, ಆದರೆ ಆರು ಮರಿಗಳು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿದ್ದವು. ಕೇಳಿದಾಗ, ಆ ಹುಂಜವೂ ಅದರ ಐದು ಹೇಂಟೆಗಳೂ ಒಂದೇ ಜೋಡಿಯ ಮರಿಗಳೆಂದು ನಿಮ್ಮವರೇ ಒಪ್ಪಿಕೊಂಡರು. ಒಡಹುಟ್ಟಿದ ಕೋಳಿಗಳನ್ನು ಕೂಡಿಸಿದರೆ ಮರಿಯ ಒಳಸಂತಾನದ ಪ್ರಮಾಣ, ಅಂದರೆ ಒಂದೇ ಪೂರ್ವಜನ ವಂಶವಾಹಿ ತಾಯಿ ತಂದೆ ಇಬ್ಬರಿಂದಲೂ ಬರುವ ಸಂಭವ, ಒಮ್ಮೆಗೇ ಶೇ 25ಕ್ಕೆ ಏರುತ್ತದೆ, ಮರಿಯಾಗುವ ಶಕ್ತಿ ಕುಗ್ಗುತ್ತದೆ. ತಳಿಕೋಳಿ ಮಾರುವವರಿಗೆ ಇದು ತಿಳಿಯದ ವಿಷಯವಲ್ಲ. ಇನ್ನೂ ಮೂರು ಹೇಂಟೆಗಳ ಎದೆಮೂಳೆ ಹಾವಿನಂತೆ ಸೊಟ್ಟಗಿದೆ. ಬೆರಳಾಡಿಸಿದರೆ ಸಾಕು, ಗೊತ್ತಾಗುತ್ತದೆ. ನೀವು ಒಮ್ಮೆಯಾದರೂ ಕೈಯಾಡಿಸಿದ್ದೀರಾ?

ತಳಿಗೆ ಆರಿಸುವುದೆಂದರೆ ಮುಖ್ಯವಾಗಿ ತಕ್ಕುದಲ್ಲದವನ್ನು ಕೈಬಿಡುವುದು. ಇಪ್ಪತ್ತು ಹುಂಜಮರಿ ಬೆಳೆಸಿದರೆ ಉಳಿಸಿಕೊಳ್ಳುವುದು ಒಂದೋ ಎರಡೋ. ಹೇಂಟೆಯ ದೋಷ ಅದರ ಮೊಟ್ಟೆಗಳಿಗಷ್ಟೇ; ಹುಂಜದ ದೋಷ ಗೂಡಿನ ಪ್ರತಿ ಮರಿಗೂ ತಗಲುವ ಅಪಾಯವಿದೆ. ಮಧ್ಯಪ್ರದೇಶದ ಝಾಬುವಾದ ಭಿಲ್ ಬುಡಕಟ್ಟಿನ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೋಳಿ ಇದು. 2018ರಲ್ಲಿ ಝಾಬುವಾ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು) ಸಿಕ್ಕಿತು. ಇಷ್ಟು ಹೆಸರು ಮಾಡಿದ ತಳಿಯಲ್ಲಿ ನಿಮ್ಮಂಥವರು ಬೆರಕೆ ಹುಂಜವನ್ನು ತಳಿಹುಂಜವೆಂದು ಹಂಚಿದರೆ, ಅದು ನನ್ನೊಬ್ಬನ ಗೂಡಿನಲ್ಲಿ ನಿಲ್ಲುವುದಿಲ್ಲ. ನಾನು ಆ ಏಳು ಮರಿಗಳನ್ನು ಬೇರೆ ಇಟ್ಟಿದ್ದೇನೆ, ತಳಿಗೆಂದು ಯಾರಿಗೂ ಕೊಡುವುದಿಲ್ಲ. ನಿಮ್ಮಿಂದ ಇಂಥ ಹುಂಜವನ್ನು ಕೊಂಡ ಇತರರಿಗೆ ಈ ವಿಷಯ ತಿಳಿದಿದೆಯೇ?

ಎರಡೂ ಹುಂಜಗಳನ್ನೂ ಎದೆಮೂಳೆ ಸೊಟ್ಟಗಿರುವ ಮೂರು ಹೇಂಟೆಗಳನ್ನೂ ನಿಮ್ಮ ಖರ್ಚಿನಲ್ಲಿ ವಾಪಸು ಪಡೆಯಿರಿ. ಬದಲಿಗೆ ಬರುವ ಕೋಳಿಗಳ ಕಾಲಿಗೆ ನಂಬರಿನ ಪಟ್ಟಿ ಇರಬೇಕು, ತಾಯಿತಂದೆಯ ದಾಖಲೆ ಜೊತೆಗಿರಬೇಕು. ಕಳಿಸುವ ಮುನ್ನ ನಾನೇ ಬಂದು ನಾಲಿಗೆ, ಚರ್ಮ, ಎದೆಮೂಳೆ ನೋಡಿ ಆರಿಸಲು ಅವಕಾಶ ಕೊಡಿ. ಅಂಥ ಕೋಳಿ ನಿಮ್ಮಲ್ಲಿಲ್ಲದಿದ್ದರೆ ಇಲ್ಲವೆಂದು ಹೇಳಿ, ಪೂರ್ತಿ ಹಣ ಹಿಂದಿರುಗಿಸಿ. ದೊಡ್ಡ ಹುಂಜದ ಒಡಹುಟ್ಟುಗಳನ್ನು ತಳಿಗೆಂದು ಮಾರುವುದನ್ನು ಮಾತ್ರ ಇಂದೇ ನಿಲ್ಲಿಸಿ.

ಮರಿಗಳ ಕಾಲಿನ, ಹುಂಜದ ನಾಲಿಗೆಯ ಚಿತ್ರಗಳನ್ನೂ ಮೊಟ್ಟೆ ಇಟ್ಟ ದಿನಾಂಕಗಳ ಪುಟವನ್ನೂ ರಸೀದಿಯ ನಕಲನ್ನೂ ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೋರುತ್ತೇನೆ.

ಇಂತಿ,
ನಿಮ್ಮಿಂದ ತಳಿಕೋಳಿ ಕೊಂಡ ಗ್ರಾಹಕ